ಎರಡೇ ಸುತ್ತು

ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ, “ಅಲ್ಲಿ ಏನು ಕಲಿತು ಬಂದಿರಿ ಟೀಚರ್?” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. “ನೊಣ ಕಟ್ಟುವುದನ್ನು” ಎಂದೆ. ಎಲ್ಲರೂ ನಕ್ಕರು. ನೊಣ ಓಡಿಸುವುದು ಯಾರಿಗೆ ಗೊತ್ತಿಲ್ಲ? ಆದರೆ ಕಟ್ಟುವುದೆಂದರೇನು?

ಗಾಳದ ಕೊಕ್ಕೆಗೆ ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆ ದಾರ ಸುತ್ತಿ ಮಾಡುವ ಹುಸಿ ನೊಣವದು. ಟ್ರೌಟ್ ಎಂಬ ಮೀನು ಅದನ್ನು ನಿಜವಾದ ಹುಳವೆಂದು ತಿಳಿದು ಬಾಯಿ ಹಾಕುತ್ತದೆ. ಮೀನಿನ ಅಂಗಡಿಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗುವ ನಾನು ಇಂಥದಕ್ಕೆ ಕೈ ಹಾಕಿದೆನೆಂದರೆ ಅದಕ್ಕೊಂದು ಕಾರಣ ಬೇಕಲ್ಲ! ಕಾರಣ, ನಮ್ಮ ಮನೆಯ ಜಗಳ.

ಮಗಳಿರುವುದು ಯಾರ್ಕ್‌ಷೈರಿನ ಇಲ್ಕ್ಲಿ ಎಂಬ ಊರಿನಲ್ಲಿ. ಊರಿನ ಪಕ್ಕದಲ್ಲೇ ವಾರ್ಫ್ ನದಿ. ನಮ್ಮ ತುಂಗೆಯನ್ನು ನೋಡಿದವರಿಗೆ ಅದೊಂದು ದೊಡ್ಡ ಹಳ್ಳ ಅಷ್ಟೆ. ಬೇಸಿಗೆ ರಜೆಗೆ ಮೂವತ್ತು ದಿನ ಗಳಿಕೆ ರಜೆ ಸೇರಿಸಿಕೊಂಡು ಏಪ್ರಿಲ್‌ನಲ್ಲಿ ಹೋದೆ. ಪೆಟ್ಟಿಗೆಯಲ್ಲಿ ಬಜೆ, ಓಮ, ಬಾಣಂತಿ ಲೇಹ್ಯ, ಹಳೆಯ ಹತ್ತಿ ಸೀರೆಯ ತುಂಡುಗಳು. ತಲೆಯಲ್ಲಿ ಇಪ್ಪತ್ತೆಂಟು ವರ್ಷ ಮೇಷ್ಟರಗಿರಿ ಮಾಡಿದ ಧೈರ್ಯ.

ಹದಿನೈದು ದಿನ ಎಲ್ಲ ಸರಿಯಿತ್ತು ಎಂದು ನಾನು ತಿಳಿದಿದ್ದೆ. ಮಗು ಎತ್ತಿಕೊಂಡದ್ದು ಸರಿಯಿಲ್ಲ, ಮೊಸರು ತಿನ್ನಬೇಡ, ಕಿವಿಗೆ ಹತ್ತಿ ಇಟ್ಟುಕೊ, ಕಿಟಕಿ ಹಾಕು, ಕತ್ತು ಹಿಡಿ... ಹೇಳುತ್ತಲೇ ಇದ್ದೆ. ಒಂದು ಬೆಳಿಗ್ಗೆ ಮಗುವಿನ ಸ್ನಾನದ ಹೊತ್ತಿಗೆ ಅವಳ ಕೈಯಿಂದ ಮಗುವನ್ನು ತೆಗೆದುಕೊಂಡೆ. ಕಸಿದುಕೊಂಡೆ ಎಂದರೂ ತಪ್ಪಲ್ಲ. ಅವಳು ಕೂಗಲಿಲ್ಲ. ಕಣ್ಣೀರು ತುಂಬಿಕೊಂಡು, “ಅಮ್ಮಾ, ನಾನು ನಿನ್ನ ಕ್ಲಾಸಿನ ಹುಡುಗಿಯಲ್ಲ. ನೀನು ಇರುವಷ್ಟು ದಿನ ನನ್ನ ಮಗುವಿಗೆ ನಾನು ತಾಯಿ ಆಗುವುದಕ್ಕೆ ಆಗುವುದಿಲ್ಲ” ಎಂದಳು. “ಹಾಗಾದರೆ ನಾಳೆಯೇ ಟಿಕೆಟ್ ಮಾಡಿಸಿಕೊಡು” ಎಂದು ಶಾಲು ಹೊದ್ದು ಹೊರಗೆ ಬಂದುಬಿಟ್ಟೆ. ಎಲ್ಲಿಗೆ ಹೋಗಲಿ? ಬೇಲಿಯ ಪಕ್ಕ ನಿಂತು ಅತ್ತೆ.

ಪಕ್ಕದ ಮನೆಯ ಅಜ್ಜಿ ನೋಡಿದರು. ಎಂಬತ್ತು ದಾಟಿದವರು, ಒಂಟಿ. ಏನೊಂದೂ ಕೇಳದೆ ಒಳಗೆ ಕರೆದು ಟೀ ಕೊಟ್ಟರು. ಅವರ ಯಾರ್ಕ್‌ಷೈರ್ ಇಂಗ್ಲಿಷಿನಲ್ಲಿ ನನ್ನ ಬಿ.ಎ. ಇಂಗ್ಲಿಷಿಗೆ ದಕ್ಕಿದ್ದು ಅರ್ಧ ಮಾತ್ರ. ಕಿಟಕಿಯ ಹತ್ತಿರ ಮೇಜಿನ ಮೇಲೆ ಪುಟ್ಟ ಇಕ್ಕಳದಂಥ ಹಿಡಿಕೆ, ದಾರದ ಉರುಳೆಗಳು, ಗರಿ ತುಂಬಿದ ಬಿಸ್ಕತ್ತಿನ ಡಬ್ಬಿಗಳು. ಮೀನು ಹಿಡಿಯುತ್ತಿದ್ದವರು ಅವರ ಗಂಡ, ನೊಣ ಕಟ್ಟುತ್ತಿದ್ದವರು ಇವರು. ಗಂಡ ಹೋದ ಮೇಲೆ ಮೊಮ್ಮಗನಿಗೆ ಕಟ್ಟುತ್ತಾರೆ.

ಒಂದು ಚೂರು ಕಪ್ಪು ತುಪ್ಪಳ ತೋರಿಸಿ “ಮೋಲ್” ಎಂದರು. ನಾನು ದೊಡ್ಡದಾಗಿ ತಲೆಯಾಡಿಸಿ, “ನಮ್ಮ ಭಾಷೆಯಲ್ಲೂ ಮೊಲವೇ!” ಎಂದೆ. ಆಮೇಲೆ ಗೊತ್ತಾಯಿತು, ಅವರ ಮೋಲ್ ನೆಲ ಕೊರೆದು ಒಳಗೇ ಬದುಕುವ ಬೇರೊಂದು ಪ್ರಾಣಿ. ನಮ್ಮ ಮೊಲದ ಕಿವಿಯ ತುಪ್ಪಳ ಇನ್ನೊಂದು ಡಬ್ಬಿಯಲ್ಲಿತ್ತು. ಆ ದಿನ ನಾನು ಮೊದಲು ನಕ್ಕದ್ದು ಆಗಲೇ.

ಅವರು ಕಟ್ಟಿ ತೋರಿಸಿದ್ದು ‘ಪಾರ್ಟ್ರಿಜ್ ಅಂಡ್ ಆರೆಂಜ್’. ಕಿತ್ತಳೆ ಬಣ್ಣದ ರೇಷ್ಮೆ ದಾರಕ್ಕೆ ಜೇನುಮೇಣ ಸವರಿ, ಕೊಕ್ಕೆಯ ಕಡ್ಡಿಗೆ ಒತ್ತಾಗಿ ಸುತ್ತುವುದು. ಕೊಕ್ಕೆಯ ಮೊನೆಯ ನೇರಕ್ಕೆ ಬಂದರೆ ಸಾಕು, ನಿಲ್ಲಿಸಿ ಹಿಂದಕ್ಕೆ ಬರಬೇಕು. ಆಮೇಲೆ ಕೌಜುಗ ಹಕ್ಕಿಯ ಬೆನ್ನಿನ ಚುಕ್ಕೆ ಚುಕ್ಕೆಯ ಕಂದು ಗರಿಯೊಂದನ್ನು ತುದಿಯಿಂದ ಕಟ್ಟಿ, ಕೊಕ್ಕೆಯ ಕಣ್ಣಿನ ಹಿಂದೆ ಸುತ್ತಿ, ಗಂಟು ಹಾಕಿ ದಾರ ಕತ್ತರಿಸುವುದು. ಅಷ್ಟೇ. ತುಪ್ಪಳ ಬೇಕಾದ ನೊಣಕ್ಕೆ ಅದನ್ನು ಚಿಟಿಕೆಯಷ್ಟೇ ತೆಗೆದು, ದಾರದ ಬಣ್ಣ ಕಾಣುವಷ್ಟು ತೆಳ್ಳಗೆ ಹೊಸೆಯಬೇಕು.

ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಬೆಳೆದ ಕೈ ನನ್ನದು. ಇದೇನು ಮಹಾ ಎಂದು ಕುಳಿತೆ. ಗರಿಯನ್ನು ಐದಾರು ಸುತ್ತು ಸುತ್ತಿದೆ. ದಂಡೆ ಒತ್ತಾಗಿ ಕಟ್ಟಿದಷ್ಟೂ ಚೆಂದವಲ್ಲವೆ? ನನ್ನ ನೊಣ ತುಂಬಿಕೊಂಡು ಬಂತು. ಅವರದು ಅದರ ಪಕ್ಕದಲ್ಲಿ ಬಡವಾಗಿ, ಅರ್ಧಕ್ಕೆ ಬಿಟ್ಟಂತೆ ಕಾಣುತ್ತಿತ್ತು.

ಅಜ್ಜಿ ಏನೂ ಹೇಳದೆ ಒಂದು ಗಾಜಿನ ಲೋಟದಲ್ಲಿ ನೀರು ತಂದರು. ನನ್ನ ನೊಣವನ್ನು ದಾರದಲ್ಲಿ ಇಳಿಬಿಟ್ಟು ಆಡಿಸಿದರು. ಅದು ಪಾತ್ರೆ ಉಜ್ಜುವ ಬ್ರಷ್ಷಿನ ಹಾಗೆ ಬಿರುಸಾಗಿ ನಿಂತಿತ್ತು. ಆಮೇಲೆ ಅವರದನ್ನು ಇಳಿಸಿದರು. ಕಿತ್ತಳೆ ರೇಷ್ಮೆ ನೆನೆದು ಕಂದಾಯಿತು. ಗರಿಯ ಎಳೆಗಳು ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ಏನೆಂದು ಹೇಳಲಿ, ಅದು ಉಸಿರಾಡಿತು. “ಎರಡೇ ಸುತ್ತು. ಉಳಿದದ್ದನ್ನು ನೀರು ಮಾಡುತ್ತದೆ” ಎಂದರು. ಅವರಿಗೆ ನಮ್ಮ ಮನೆಯ ಜಗಳ ಗೊತ್ತಿರಲಿಲ್ಲ. ನನಗೆ ಮಾತ್ರ ಮುಖಕ್ಕೆ ಯಾರೋ ನೀರು ಎರಚಿದಂತಾಯಿತು.

ದಿನಾ ಮಧ್ಯಾಹ್ನ ಹೋಗತೊಡಗಿದೆ. ಈ ಕಸುಬು ಆ ಸೀಮೆಯದೇ. ಲೀಡ್ಸಿನ ಟಿ. ಇ. ಪ್ರಿಟ್ ಎಂಬವರು 1885ರಲ್ಲಿ ಇಂಥ 62 ನೊಣಗಳ ಚಿತ್ರ ಬರೆಸಿ ಪುಸ್ತಕ ಮಾಡಿದ್ದರಂತೆ. ನನಗೆ ಇನ್ನೂ ಹಿಡಿಸಿದ ಸಂಗತಿ ಬೇರೆ. 1496ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಪುಸ್ತಕವೊಂದರಲ್ಲಿ ಹನ್ನೆರಡು ನೊಣಗಳ ಲೆಕ್ಕವಿದೆ. ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂದು ಹೇಳುತ್ತ ಬಂದಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲವಂತೆ. ಹೆಂಗಸು ಬರೆದಳು ಎಂದಾಗಲೇ ಪುರಾವೆ ಕೇಳುವುದು ಎಲ್ಲ ದೇಶದಲ್ಲೂ ಇದ್ದದ್ದೇ ಅನ್ನಿ!

ಒಂದು ದಿನ ಅಜ್ಜಿ ಅವರ ಮಾವನ ಕಾಲದ ಸಾಲ್ಮನ್ ನೊಣಗಳ ಪೆಟ್ಟಿಗೆ ತೆರೆದರು. ಒಂದೊಂದರ ಕೆನ್ನೆಯಲ್ಲೂ ಮೇಣದ ಹನಿ ಬಿದ್ದಂತೆ ಹೊಳೆಯುವ ಚುಕ್ಕೆಯ ಗರಿ. “ಇದು ನಿಮ್ಮ ದೇಶದ್ದು” ಎಂದರು. ನೋಡಿದೊಡನೆ ಗುರುತು ಹತ್ತಿತು. ನಮ್ಮ ಮನೆಯ ಹಿಂದಿನ ಕಾಡಿನಲ್ಲಿ ಬೆಳಗಾದರೆ ಕೂಗುತ್ತಿದ್ದ ಕಾಡುಕೋಳಿಯ ಕತ್ತಿನ ಗರಿ! ಎಷ್ಟು ಹುಂಜಗಳ ಕತ್ತು ಹಡಗು ಹತ್ತಿತ್ತೋ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅದಕ್ಕೆ ರಕ್ಷಣೆ ಕೊಟ್ಟಿತು ಎಂದು ಹೇಳಿದೆ. ಅಜ್ಜಿ “ಒಳ್ಳೆಯದಾಯಿತು” ಎಂದು ಪೆಟ್ಟಿಗೆ ಮುಚ್ಚಿದರು.

ಹಿಂಸೆಯ ಮಾತನ್ನೂ ಕೇಳದೆ ಬಿಡಲಿಲ್ಲ. ಮೊಮ್ಮಗ ಮುಳ್ಳಿಲ್ಲದ ಕೊಕ್ಕೆ ಬಳಸುತ್ತಾನೆ, ಹಿಡಿದ ಮೀನನ್ನು ನದಿಗೇ ಬಿಡುತ್ತಾನೆ ಎಂದರು. ಆದರೂ ಬಾಯಿಗೆ ಚುಚ್ಚುವುದು ಚುಚ್ಚುವುದೇ. ನಾನು ಹಾಗೆಯೇ ಹೇಳಿದೆ. ಅವರು ವಾದ ಮಾಡಲಿಲ್ಲ. ನಾನು ಕಟ್ಟಿದವುಗಳ ಮೊನೆಯನ್ನು ಇಕ್ಕಳದಿಂದ ಮುರಿದು ನನಗೇ ಕೊಟ್ಟರು.

ಜಗಳವಾದ ಮಾರನೆಯ ದಿನ ಟಿಕೆಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ಮಗಳು ಮಗುವಿಗೆ ಸ್ನಾನ ಮಾಡಿಸಲು ಕುಳಿತಳು. ನಾನು ಬಾಗಿಲಲ್ಲಿ ಕೈ ಕಟ್ಟಿ ನಿಂತೆ. “ನೀರು ಹದವಾಗಿದೆ” ಎಂದೆ. ಅದೊಂದು ಸುತ್ತು. “ಟವೆಲ್ ಇಲ್ಲಿದೆ” ಎಂದೆ. ಎರಡಾಯಿತು. ಅವಳು ಮಗುವಿನ ಕತ್ತು ಹಿಡಿದದ್ದು ನನ್ನ ಹಾಗಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಳ್ಳುವುದು ಎಷ್ಟು ಕಷ್ಟವೆಂದು ಮೇಷ್ಟರಗಿರಿ ಮಾಡಿದವರಿಗೇ ಗೊತ್ತು. ಮಗು ಕೈಕಾಲು ಬಡಿಯಿತು, ಅತ್ತಿತು, ನೀರಿನಲ್ಲಿ ತಾನಾಗಿಯೇ ಸಮಾಧಾನವಾಯಿತು. ಮಗಳು ತಲೆಯೆತ್ತದೆ, “ಅಮ್ಮ, ಕಿವಿಯ ಹಿಂದೆ ಹೇಗೆ ಒರೆಸುತ್ತಿದ್ದೆ ನೀನು?” ಎಂದು ಕೇಳಿದಳು. ಹತ್ತಿರ ಹೋಗಿ ತೋರಿಸಿದೆ. ತೋರಿಸಿ, ಮಗುವನ್ನು ಅವಳ ಕೈಯಲ್ಲೇ ಬಿಟ್ಟೆ.

ಈಗ ನನ್ನ ಪೆನ್ನಿನ ಡಬ್ಬಿಯಲ್ಲಿ, ಕೆಂಪು ಶಾಯಿಯ ಪೆನ್ನಿನ ಪಕ್ಕದಲ್ಲಿ, ಮೊನೆ ಮುರಿದ ಒಂದು ನೊಣವಿದೆ. ಮೊದಲು ಕಟ್ಟಿದ ದಪ್ಪ ನೊಣವನ್ನೇ ಬೇಡಿ ತಂದಿದ್ದೇನೆ. ಮಕ್ಕಳ ಪ್ರಬಂಧ ತಿದ್ದುವಾಗ ಪುಟವೆಲ್ಲ ಕೆಂಪಾಗತೊಡಗಿದರೆ ಡಬ್ಬಿ ತೆರೆದು ಒಮ್ಮೆ ಅದನ್ನು ನೋಡುತ್ತೇನೆ. ಆದರೂ ಕೆಲವು ದಿನ ಮೂರನೆಯ ಸುತ್ತು ಬಿದ್ದೇ ಬೀಳುತ್ತದೆ. ಮೊನ್ನೆ ಫೋನಿನಲ್ಲಿ ಮಗುವಿಗೆ ಸ್ವೆಟರ್ ಹಾಕಿಲ್ಲವೇಕೆ ಎಂದು ಮೂರು ಸಲ ಕೇಳಿದೆನಂತೆ. ಮಗಳು ನಕ್ಕು, “ಅಮ್ಮ, ನೊಣ ದಪ್ಪ ಆಯಿತು” ಎಂದಳು.