ರೇಷ್ಮೆಯ ಎಳೆ, ತಿರುಗುವ ತಟ್ಟೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಗಡಿನಾಡಿನ ಕನ್ನಡವನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಆದರೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿ ಉಳಿದವು ಮೈಸೂರಿಗೆ ಬಂದ ಕಥೆಯನ್ನು ನಮಗಿಂತ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿರುತ್ತಾರೆ. ನಾವು ಹೇಳಹೊರಟಿರುವುದು ಒಂದು ದಾರದ ಕಥೆ. ಅದರ ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು.

ಮದ್ದಿಕೇರ ಎಂದೊಡನೆ ಸುತ್ತಿನ ಸೀಮೆಯವರಿಗೆ ನೆನಪಾಗುವುದು ದಸರೆಯ ಕುದುರೆ ಓಟ. ರೈಲಿನವರಿಗೆ ಅದು ಗುಂತಕಲ್ಲಿನಿಂದ ಡೋಣ್ ಕಡೆಗೆ ಹೊರಟಾಗ ಸಿಗುವ ಒಂದು ಸಣ್ಣ ನಿಲ್ದಾಣ. ಊರಿನ ವ್ಯವಹಾರವೆಲ್ಲ ತೆಲುಗಿನಲ್ಲಿ. ಮನೆಯೊಳಗೆ ಕನ್ನಡ ಉಳಿಸಿಕೊಂಡ ನಾವು ಕೆಲವರು ಶನಿವಾರ ಸಂಜೆ ಒಂದೆಡೆ ಸೇರಿ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕೇಳುವ ಪದ್ಧತಿ ಇಟ್ಟುಕೊಂಡಿದ್ದೇವೆ. ಭೀಮಸೇನ ಜೋಶಿಯವರ ದಾಸವಾಣಿ, ಮಲ್ಲಿಕಾರ್ಜುನ ಮನ್ಸೂರರ ರಾಗಗಳು, ಪಿ. ಕಾಳಿಂಗರಾಯರ ಭಾವಗೀತೆಗಳು, ಇಷ್ಟೇ ನಮ್ಮ ಆಸ್ತಿ. ತೆಲುಗು ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ದಾಸರ ಪದಗಳ ಕನ್ನಡವನ್ನು ಕಲಿಯುತ್ತಿರುವುದು ಪುಸ್ತಕದಿಂದಲ್ಲ, ಈ ತಟ್ಟೆಗಳಿಂದ. ಆದ್ದರಿಂದ ತಟ್ಟೆ ಸರಿಯಾಗಿ ತಿರುಗುವುದು ನಮಗೆ ಬರಿಯ ಶೋಕಿಯ ವಿಷಯವಲ್ಲ.

ನಮ್ಮ ಕೂಟದ ಹಿರಿಯರು ಹಾರ್ಮೋನಿಯಂ ಮಾಸ್ತರು. ಹಿಂದೆ ನಾಟಕ ಕಂಪನಿಗಳ ಜೊತೆ ಊರೂರು ತಿರುಗಿದವರು. ಈಗ ಎಂಬತ್ತು ದಾಟಿದೆ. ಎಡಗಿವಿ ಬಹುತೇಕ ಹೋಗಿದೆ, ಬಲಗಿವಿ ಹೋಗುವ ದಾರಿಯಲ್ಲಿದೆ. ಇನ್ನು ಒಂದೆರಡು ವರ್ಷ ಎಂದು ವೈದ್ಯರು ಹೇಳಿದ್ದಾರಂತೆ. ಒಂದು ಶನಿವಾರ ಭೀಮಸೇನರ ಆಲಾಪದ ನಡುವೆಯೇ ಅವರು ಎದ್ದು ಹೊರಟರು. ಏಕೆಂದು ಕೇಳಿದರೆ, "ಷಡ್ಜ ಅಲುಗ್ತೈತಿ ರೀ. ಒಗೆದ ಸೀರೆ ಗಾಳಿಗೆ ಅಲುಗಿದಂಗ. ಇರೋದೊಂದು ಕಿವಿ, ಅದಕ್ಕ ಇಂಥಾದ್ದು ಕೇಳಿಸಬ್ಯಾಡ್ರಿ" ಎಂದರು.

ಅವರ ಮಾತು ಸುಳ್ಳಾಗಿರಲಿಲ್ಲ. ತಂಬೂರಿಯ ನಾದದ ಮೇಲೆ ನಿಂತ ಸಂಗೀತದಲ್ಲಿ ವೇಗದ ಏರುಪೇರು ಅಡಗಿಕೊಳ್ಳಲಾರದು. ವೇಗ ನೂರಕ್ಕೆ ಆರರಷ್ಟು ಬದಲಾದರೆ ಸ್ವರ ಒಂದು ಮನೆಯೇ ಸರಿಯುತ್ತದೆ, ಷಡ್ಜ ಕೋಮಲ ಋಷಭವಾಗುತ್ತದೆ. ಅದರ ಹತ್ತರಲ್ಲೊಂದು ಪಾಲು ಏರಿಳಿದರೂ ನಿಂತ ಸ್ವರದಲ್ಲಿ ಪಳಗಿದ ಕಿವಿ ಅದನ್ನು ಹಿಡಿಯುತ್ತದೆ. ನಮ್ಮ ಯಂತ್ರ ಯುರೋಪಿನಲ್ಲಿ ತಯಾರಾದ ಹಳೆಯ ಟರ್ನ್‌ಟೇಬಲ್. ನಾಲ್ಕು ಕಿಲೋ ತೂಕದ ಲೋಹದ ತಟ್ಟೆ, ಅದರ ಅಂಚಿನ ಸುತ್ತ ರಬ್ಬರಿನ ಬೆಲ್ಟು, ಪಕ್ಕದಲ್ಲಿ ಮೋಟಾರು. ಕರ್ನೂಲು ಸೀಮೆಯ ಬಿಸಿಲಿಗೆ ರಬ್ಬರು ಎರಡು ಬೇಸಿಗೆ ತಡೆದರೆ ಹೆಚ್ಚು. ಹಳೆಯದು ಜೋತುಬಿದ್ದಿತ್ತು. ದೂರದ ನಗರದ ಅಂಗಡಿಯೊಂದರಿಂದ ತರಿಸಿದ ಹೊಸದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಿಂದಿರುಗಿಸಿದೆವು, ಎರಡನೆಯದೂ ಹಾಗೆಯೇ ಬಂದಿತು.

ಇಲ್ಲಿ ಬೆಲ್ಟಿನ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. 1950ರ ದಶಕದ ಗ್ಯಾರಾರ್ಡ್ 301ರಂಥ ಯಂತ್ರಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ಒಂದು ರಬ್ಬರ್ ಗಾಲಿ ಒತ್ತಿಕೊಂಡು ತಿರುಗುತ್ತಿತ್ತು. ಬಲ ಚೆನ್ನಾಗಿ ಸಿಗುತ್ತಿತ್ತು, ಜೊತೆಗೆ ಮೋಟಾರಿನ ಗುಡುಗೂ ಬರುತ್ತಿತ್ತು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಬೆಲ್ಟಿನ ಯಂತ್ರವನ್ನು ಅಗ್ಗದ ಬೆಲೆಗೆ ತಂದ ಮೇಲೆ ಮನೆಗಳಲ್ಲಿ ಬೆಲ್ಟಿನ ಕಾಲ ಆರಂಭವಾಯಿತು. ರಬ್ಬರು ಮೋಟಾರಿನ ನಡುಕವನ್ನು ನುಂಗುತ್ತದೆ, ಅದು ಅದರ ಗುಣ. ದೋಷವೂ ಅದರಲ್ಲೇ ಇದೆ. ರಬ್ಬರು ಹಿಗ್ಗುತ್ತದೆ. ಭಾರವಾದ ತಟ್ಟೆಗೂ ಮೋಟಾರಿಗೂ ನಡುವೆ ಒಂದು ಸ್ಪ್ರಿಂಗ್ ಇಟ್ಟಂತಾಗಿ, ಹಾಡಿನ ಏರುದನಿಯಲ್ಲಿ ಮುಳ್ಳು ತಟ್ಟೆಯನ್ನು ಒಂದು ಕೂದಲಷ್ಟು ಹೆಚ್ಚು ತಡೆದಾಗ ರಬ್ಬರು ಎಳೆದುಕೊಂಡು, ಮತ್ತೆ ಕುಗ್ಗಿ, ಮತ್ತೆ ಹಿಗ್ಗಿ ತೂಗಾಡುತ್ತದೆ. ಮಾಸ್ತರು ಕಂಡ ಸೀರೆಯ ಅಲುಗಾಟ ಇದೇ.

ಹಿಗ್ಗದ ದಾರ ಹಾಕಿದರೆ? ಇದು ನಮ್ಮ ಕಂಡುಹಿಡಿಕೆಯೇನಲ್ಲ. ಅಮೆರಿಕದ ವಿಲಿಯಂ ಫೈರ್‌ಬಾ ಎಂಬ ವಿನ್ಯಾಸಕಾರರ ವೆಲ್ ಟೆಂಪರ್ಡ್ ಯಂತ್ರಗಳಲ್ಲಿ ತಟ್ಟೆಯನ್ನು ತಿರುಗಿಸುವುದು ತೆಳುವಾದ ಪಾಲಿಯೆಸ್ಟರ್ ದಾರವೇ. ಅಷ್ಟು ದೂರವೇಕೆ, ನಮ್ಮ ಅಜ್ಜಿಯರ ರಾಟೆಯನ್ನೇ ನೋಡಿ. ಅಲ್ಲಿ ದೊಡ್ಡ ಚಕ್ರ ದಾರದ ಮೂಲಕ ಸಣ್ಣ ಕದಿರನ್ನು ತಿರುಗಿಸುತ್ತದೆ. ಇಲ್ಲಿ ಸಣ್ಣ ಗಿರಕಿ ದಾರದ ಮೂಲಕ ದೊಡ್ಡ ತಟ್ಟೆಯನ್ನು ತಿರುಗಿಸುತ್ತದೆ. ಹತ್ತಿಗೆ ಹೆಸರಾದ ಆದವಾನಿ, 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ಎಮ್ಮಿಗನೂರು, ಇವುಗಳ ನೆರೆಯಲ್ಲಿದ್ದುಕೊಂಡು ದಾರಕ್ಕೆ ಪರದೇಶದ ಕಡೆ ನೋಡುವುದು ನಮಗೇ ನಾಚಿಕೆಯೆನಿಸಿತು.

ಮೊದಲು ಹತ್ತಿಯ ನೂಲು. ಅದರ ನಾದ ಚೆನ್ನಾಗಿಯೇ ಇತ್ತು. ಆದರೆ ಹೊಸೆದ ಹತ್ತಿ ಹವೆಯ ತೇವವನ್ನು ಹೀರಿ ಉಬ್ಬುತ್ತದೆ, ಉಬ್ಬಿದರೆ ಉದ್ದ ಕುಗ್ಗುತ್ತದೆ. ಆಷಾಢದ ಮೋಡದ ದಿನ ಬಿಗಿ, ಚೈತ್ರದಲ್ಲಿ ಸಡಿಲ. ದರ್ಜಿಯ ಪಾಲಿಯೆಸ್ಟರ್ ದಾರ ನಂಬಿಕೆಗೆ ಅರ್ಹ, ತೇವಕ್ಕೆ ಜಗ್ಗದು. ಮೀನು ಹಿಡಿಯುವ ನೈಲಾನ್ ಎಳೆ ಜಾರುಬಂಡೆ. ಅದರ ಮಾತು ಬೇಡ. ಕೊನೆಗೆ ಧರ್ಮಾವರದ ರೇಷ್ಮೆಯ ಎಳೆಗಳನ್ನು ಹೊಸೆದು 0.3 ಮಿಲಿಮೀಟರು ದಪ್ಪದ ದಾರ ಮಾಡಿದೆವು. ಪಾಲಿಯೆಸ್ಟರಿಗೂ ರೇಷ್ಮೆಗೂ ವ್ಯತ್ಯಾಸವೇ ಇಲ್ಲವೆಂದು ನಮ್ಮಲ್ಲಿ ಇಬ್ಬರ ವಾದ. ಮಾಸ್ತರು ರೇಷ್ಮೆಯ ಪಕ್ಷ. ನಾವು ಮಾಸ್ತರ ಪಕ್ಷ.

ಗಂಟಿನ ತೊಡಕು ಬೇರೆ ಇತ್ತು. ದಾರ ಒಂದು ಸುತ್ತು ಬರಲು ಸುಮಾರು ಎರಡು ಸೆಕೆಂಡು. ಗಂಟು ಗಿರಕಿಯನ್ನು ದಾಟುವಾಗಲೆಲ್ಲ ಒಂದು 'ಟಕ್'. ದಾದ್ರಾ ತಾಳಕ್ಕೂ ಹೊಂದದ, ಕೆಹರ್ವಕ್ಕೂ ಹೊಂದದ ಆ ಟಕ್ಕಿನ ಮುಂದೆ ರಬ್ಬರೇ ವಾಸಿಯೆನಿಸಿತು. ದಾರಿ ತೋರಿಸಿದವರು ಎಮ್ಮಿಗನೂರಿನ ನಮ್ಮ ಸೋದರತ್ತೆ. ಮಗ್ಗದಲ್ಲಿ ಹಳೆಯ ಹಾಸು ಮುಗಿಯುವಾಗ ಅದರ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಗಂಟು ಹಾಕದೆ ಹೊಸೆದು ಸೇರಿಸುತ್ತಾರೆ. ಕೆಚ್ಚುವುದೆಂದು ಅದರ ಹೆಸರು. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ದಾರದ ಎರಡು ತುದಿಗಳನ್ನು ಬಿಚ್ಚಿ, ಎಳೆಗೆ ಎಳೆ ಕೂಡಿಸಿ ಹೊಸೆದು, ಒಂದು ಹನಿ ಅಂಟು ಸವರಿ ಕೊಟ್ಟರು. "ಇದಕ್ಕ ಇಷ್ಟು ಮಂದಿ ಗಂಡಸರು ಬೇಕಾತೇನಪ್ಪಾ?" ಎಂದು ಕೇಳಿದರು. ಟಕ್ ನಿಂತಿತು.

ದಾರ ಅಲುಗಾಟವನ್ನು ನಿಲ್ಲಿಸಿತೆಂಬುದು ಸರಿ. ಆದರೆ ರಬ್ಬರು ನುಂಗುತ್ತಿದ್ದ ನಡುಕವನ್ನು ದಾರ ನುಂಗದು. ಪರ್ಯಾಯ ವಿದ್ಯುತ್ತಿನ ಮೋಟಾರು 50 ಹರ್ಟ್ಜಿನ ಎರಡರಷ್ಟು, ಅಂದರೆ ಸೆಕೆಂಡಿಗೆ 100 ಸಲ ನಡುಗುತ್ತದೆ. ಆ ಗುಂಯ್‌ಕಾರ ಈಗ ನೇರವಾಗಿ ಮುಳ್ಳಿಗೆ ಬಂದು ತಂಬೂರಿಯ ಖರ್ಜದ ತಂತಿಯ ಪಕ್ಕದಲ್ಲೇ ಕುಳಿತುಬಿಟ್ಟಿತು. ದಾರ ಬದಲಿಸಿ ಮೋಟಾರನ್ನು ಹಾಗೆಯೇ ಬಿಡುವವರು ಅರ್ಧ ಕೆಲಸ ಮಾಡಿದಂತೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಮೋಟಾರನ್ನು ಪೆಟ್ಟಿಗೆಯಿಂದ ಹೊರತೆಗೆದು ಬೇತಂಚೆರ್ಲದ ಬಂಡೆಯ ಒಂದು ತುಂಡಿನ ಮೇಲೆ ಪ್ರತ್ಯೇಕವಾಗಿ ಕೂರಿಸಿದೆವು. ಬಂಡೆಯನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿದರೆ ದಾರದ ಬಿಗಿಯೂ ಕೈಗೆ ಬರುತ್ತದೆ. ಆಮೇಲೆ ಶಕ್ತಿಯ ವಿಚಾರ. ಇಂಥ ಸಿಂಕ್ರೊನಸ್ ಮೋಟಾರಿನ ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಆವರ್ತನ, ವೋಲ್ಟೇಜಲ್ಲ. ವೋಲ್ಟೇಜು ಇಳಿಸಿದರೆ ಬಲ ಇಳಿಯುತ್ತದೆ, ನಡುಕ ಇಳಿಯುತ್ತದೆ, ವೇಗ ಮಾತ್ರ ಅಷ್ಟೇ ಇರುತ್ತದೆ. ಬಲ ತೀರ ಸಾಲದಾದಾಗ ಒಮ್ಮೆಗೇ ಹೆಜ್ಜೆ ತಪ್ಪಿ ನಿಲ್ಲುತ್ತದೆ. ತಿರುಗುತ್ತಿರುವ ನಾಲ್ಕು ಕಿಲೋ ತಟ್ಟೆಯನ್ನು ತಿರುಗುತ್ತಲೇ ಇರಿಸಲು ಬೇಕಾದ ಬಲ ಬಹಳ ಕಡಿಮೆ. ಬಲ ಬೇಕಾಗುವುದು ಎಬ್ಬಿಸುವಾಗ. ಇಂಗ್ಲೆಂಡಿನ ಟಾಮ್ ಫ್ಲೆಚರ್ ತಮ್ಮ ನಾಟಿಂಗ್‌ಹ್ಯಾಮ್ ಅನಲಾಗ್ ಯಂತ್ರಗಳಿಗೆ ಬೇಕೆಂದೇ ದುರ್ಬಲ ಮೋಟಾರು ಇಟ್ಟು, ತಟ್ಟೆಯನ್ನು ಕೈಯಿಂದ ನೂಕಿ ಹೊರಡಿಸುವಂತೆ ಮಾಡಿದ್ದರು. ನಮ್ಮ ಕುಂಬಾರರು ಕೋಲಿನಿಂದ ತಿಗುರಿಯನ್ನು ಎಬ್ಬಿಸುವ ರೀತಿಯೂ ಅದೇ ತಾನೆ?

ಗುಂತಕಲ್ಲಿನ ರೈಲ್ವೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಗೆಳೆಯರು ಒಂದು ಡಿಮ್ಮರ್‌ಸ್ಟಾಟ್ ತಂದರು. ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಿಬಿಡುತ್ತೇವೆ: ಇದು 230 ವೋಲ್ಟಿನ ಕೆಲಸ, ಕೆಪಾಸಿಟರು ತಂತಿ ಕಿತ್ತ ಮೇಲೂ ಹೊಡೆಯಬಲ್ಲುದು, ಕೈಪಳಗಿದವರಿಲ್ಲದೆ ಮಕ್ಕಳು ಮುಟ್ಟಬಾರದು. ಅವರು ವೋಲ್ಟೇಜನ್ನು ಹತ್ತು ಹತ್ತಾಗಿ ಇಳಿಸುತ್ತ ಹೋದರು. ನಡುಕವನ್ನು ಅಳೆದದ್ದು ಯಾವ ಉಪಕರಣದಿಂದಲೂ ಅಲ್ಲ, ಮಾಸ್ತರ ತೋರುಬೆರಳಿನಿಂದ. ಅರವತ್ತು ವರ್ಷ ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಓಡಾಡಿದ ಆ ಬೆರಳನ್ನು ಬಂಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕುಳಿತರು. ಕಿವಿ ಬಿಟ್ಟುಕೊಟ್ಟದ್ದನ್ನು ಬೆರಳು ಹಿಡಿಯುತ್ತಿತ್ತು. 160ರಲ್ಲಿ "ಇನ್ನಾ ಐತಿ" ಎಂದರು. 130ಕ್ಕೆ ಬಂದಾಗ "ಹಾಂ, ಈಗ ಉಸಿರಾಡ್ತೈತಿ, ಅಷ್ಟ" ಎಂದರು. 110ರಲ್ಲಿ ಮೋಟಾರು ಹೆಜ್ಜೆ ತಪ್ಪಿತು. 130ಕ್ಕೆ ನಿಂತೆವು, ಮೋಟಾರು ಎಳೆಯುವ ಶಕ್ತಿ ಮೊದಲಿನ ಸುಮಾರು ಮೂರರಲ್ಲೊಂದು ಪಾಲು. ಮೋಟಾರಿನ ಎರಡು ಸುರುಳಿಗಳಿಗೆ ಹೋಗುವ ವಿದ್ಯುತ್ತು ಒಂದಕ್ಕೊಂದು ಕಾಲು ಆವರ್ತದಷ್ಟು ಹಿಂದುಮುಂದಿದ್ದರೆ ತಿರುಗು ನಯವಾಗಿರುತ್ತದೆ. ಆ ಅಂತರ ಕೊಡುವುದು ಕೆಪಾಸಿಟರು. ಬೇರೆ ಬೇರೆ ಬೆಲೆಯವನ್ನು ಕೂಡಿಸಿ ಕಳೆದು, ಅದೇ ಬೆರಳಿನ ತೀರ್ಪಿನಂತೆ ಒಂದನ್ನು ಉಳಿಸಿಕೊಂಡೆವು.

ಇನ್ನು ಲೆಕ್ಕ. ಬೆಲ್ಟಿನಲ್ಲಿ ವೇಗವನ್ನು ನಿರ್ಧರಿಸುವುದು ಗಿರಕಿಯ ವ್ಯಾಸವೊಂದೇ ಅಲ್ಲ, ಬೆಲ್ಟಿನ ದಪ್ಪವೂ ಅದಕ್ಕೆ ಕೂಡುತ್ತದೆ. ನಮ್ಮ ಮೋಟಾರು ನಿಮಿಷಕ್ಕೆ 250 ಸುತ್ತು, ತಟ್ಟೆಯ ವ್ಯಾಸ 300 ಮಿಲಿಮೀಟರು. ಒಂದು ಮಿಲಿಮೀಟರು ದಪ್ಪದ ಬೆಲ್ಟಿಗೆಂದು ಮಾಡಿದ ಗಿರಕಿಗೆ 0.3ರ ದಾರ ಹಾಕಿದರೆ ತಟ್ಟೆ ನಿಮಿಷಕ್ಕೆ 33⅓ರ ಬದಲು 32.8 ಸುತ್ತು ಸುತ್ತುತ್ತದೆ. ಶ್ರುತಿ ಒಂದು ಮನೆಯ ಕಾಲು ಭಾಗ ಇಳಿಯುತ್ತದೆ. ತಾತ್ಕಾಲಿಕವಾಗಿ ಗಿರಕಿಗೆ ತೆಳು ಟೇಪನ್ನು ಆರು ಸುತ್ತು ಸುತ್ತಿ ಸರಿಮಾಡಿದೆವು. ಆಮೇಲೆ ಫಿಟ್ಟರು ಗೆಳೆಯರು ಲೇತಿನಲ್ಲಿ 39.7 ಮಿಲಿಮೀಟರಿನ ಹಿತ್ತಾಳೆ ಗಿರಕಿಯನ್ನು ಕಡೆದು, ದಾರ ಕೂರಲು ಸಣ್ಣ ಕಾಲುವೆ ಕೊರೆದುಕೊಟ್ಟರು.

ವೇಗವನ್ನು ಪರೀಕ್ಷಿಸಲು 180 ಗೆರೆಗಳ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು ಹಳೆಯ ಚೋಕಿನ ಟ್ಯೂಬ್‌ಲೈಟಿನ ಕೆಳಗೆ ನೋಡಬೇಕು. ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಗೆರೆಗಳು ನಿಂತವು, ನಾವು ಚಪ್ಪಾಳೆ ತಟ್ಟಿದೆವು. ಮಾಸ್ತರು ನಕ್ಕರು. "ದೀಪಕ್ಕೂ ಮೋಟಾರಿಗೂ ಒಂದ ಕರೆಂಟು. ಕಳ್ಳನ ಸಾಕ್ಷಿ ಅವನ ತಮ್ಮನ್ನ ಕೇಳಿದಂಗಾತು." ಎಷ್ಟು ನಿಜ! ಆವರ್ತನವೇ ಇಳಿದರೆ ಮೋಟಾರೂ ದೀಪವೂ ಕೂಡಿಯೇ ನಿಧಾನವಾಗುತ್ತವೆ, ಗೆರೆಗಳು ಮಾತ್ರ ನಿಂತೇ ಇರುತ್ತವೆ. ದಕ್ಷಿಣದ ವಿದ್ಯುಜ್ಜಾಲ ಒಂಟಿಯಾಗಿದ್ದ ದಿನಗಳಲ್ಲಿ, ಪಂಪ್‌ಸೆಟ್ಟುಗಳ ಭಾರ ಬಿದ್ದಾಗ ಆವರ್ತನ 49ಕ್ಕೆ ಜಾರಿದರೆ ಶ್ರುತಿ ಒಂದು ಮನೆಯ ಮೂರರಲ್ಲೊಂದು ಪಾಲು ಇಳಿಯುತ್ತಿತ್ತು. ಆಗೆಲ್ಲ ತಟ್ಟೆಯ ಜೊತೆ ಹಾರ್ಮೋನಿಯಂ ನುಡಿಸಲು ಆಗುತ್ತಲೇ ಇರಲಿಲ್ಲವೆಂದು ಮಾಸ್ತರು ನೆನೆಯುತ್ತಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಮಾರ್ಗದ ಮೂಲಕ ದಕ್ಷಿಣ ಜಾಲ ದೇಶದ ಜಾಲಕ್ಕೆ ಕೂಡಿದ ಮೇಲೆ ಆ ಏರಿಳಿತ ಬಹಳ ಕಡಿಮೆಯಾಗಿದೆ. ತುಂಗಭದ್ರೆಯ ಆಚೆ ರಾಯಚೂರಿನಲ್ಲಿ ಎಳೆದ ಒಂದು ತಂತಿ ಮದ್ದಿಕೇರದಲ್ಲಿ ಭೀಮಸೇನರ ಷಡ್ಜವನ್ನು ಕಾಯುತ್ತಿದೆಯೆಂದು ಆ ಇಂಜಿನಿಯರುಗಳಿಗೆ ಯಾರು ತಿಳಿಸಬೇಕು?

ಗೆರೆಗಳನ್ನು ನಂಬದ ಮಾಸ್ತರು ತಮ್ಮ ಪೆಟ್ಟಿಗೆಯನ್ನೇ ತರಿಸಿದರು. ಹಾರ್ಮೋನಿಯಮ್ಮಿನ ರೀಡಿಗೆ ಕರೆಂಟಿನ ಹಂಗಿಲ್ಲ. ಭೀಮಸೇನರ ದಾಸವಾಣಿ ಹಾಕಿದೆವು. ತಟ್ಟೆಯನ್ನು ಕೈಯಿಂದ ನೂಕಿದ್ದು ಮಾಸ್ತರ ಮೊಮ್ಮಗಳು, ಎಂಟನೆಯ ತರಗತಿಯವಳು. ಮಾಸ್ತರು ಬಲಗಿವಿಯನ್ನು ಸ್ಪೀಕರಿನತ್ತ ತಿರುಗಿಸಿ ಕುಳಿತು ಒಂದು ಸ್ವರವನ್ನು ಒತ್ತಿ ಹಿಡಿದರು. ತಟ್ಟೆಯ ಷಡ್ಜವೂ ಪೆಟ್ಟಿಗೆಯ ಷಡ್ಜವೂ ಕೂಡಿ ನಿಂತವು. ಎರಡರ ನಡುವೆ ಅಲೆ ಏಳಲಿಲ್ಲ. ಒಂದು ಬದಿ ಮುಗಿಯುವವರೆಗೆ, ಇಪ್ಪತ್ತು ನಿಮಿಷಕ್ಕೂ ಮಿಕ್ಕಿ, ಅವರು ಬೆರಳು ತೆಗೆಯಲಿಲ್ಲ. ಮೊಮ್ಮಗಳು ಚರಣದ ಒಂದು ಪದದ ಅರ್ಥ ಕೇಳಿದಳು. ಮೊದಲು ಕೇಳಿಸುತ್ತಲೇ ಇರಲಿಲ್ಲವಂತೆ ಆ ಪದ, ಗುಂಯ್‌ಕಾರದಲ್ಲಿ ಮುಳುಗಿಹೋಗಿತ್ತಂತೆ. ಮಾಸ್ತರು ಹೇಳಿಕೊಟ್ಟರು. ಅವಳು ತನ್ನ ಪುಸ್ತಕದಲ್ಲಿ ಅದನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡಳು, ಪಕ್ಕದಲ್ಲಿ ಕನ್ನಡದಲ್ಲಿಯೂ ಬರೆದು ತೋರಿಸಿದಳು. ಎರಡು ಲಿಪಿಗೂ ತಲೆಕಟ್ಟಿನಲ್ಲಷ್ಟೇ ಜಗಳವೆಂದು ಯಾರೋ ಹೇಳಿದರು.

ಈಗ ದಾರ ಬದಲಿಸುವ ಹೊಣೆ ಅವಳದೇ. ಕೆಚ್ಚುವುದನ್ನು ಎಮ್ಮಿಗನೂರಿನ ಅತ್ತೆಯಿಂದ ಕಲಿತಿದ್ದಾಳೆ. ರೇಷ್ಮೆ ಆರು ತಿಂಗಳು ಬಾಳುತ್ತದೆ. ಜಾರತೊಡಗಿದಾಗ ಚಿಟಿಕೆ ರಾಳದ ಪುಡಿ ಸವರಿದರೆ ಇನ್ನೊಂದು ತಿಂಗಳು.

ಕೆಲಸ ಮುಗಿದಿಲ್ಲ. ಮಾಸ್ತರ ಮಂಚದ ಕೆಳಗಿನ ಟ್ರಂಕಿನಲ್ಲಿ ಅರಗಿನ 78 ವೇಗದ ಪ್ಲೇಟುಗಳಿವೆ. ಗಂಗೂಬಾಯಿ ಹಾನಗಲ್ಲರು ಇನ್ನೂ 'ಗಾಂಧಾರಿ' ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಕಾಲದ ಒಂದು ಪ್ಲೇಟೂ ಅದರಲ್ಲಿದೆ. ಅದಕ್ಕೆ ಅಗಲವಾದ ಬೇರೆ ಮುಳ್ಳು ಬೇಕು, ಮತ್ತು 93 ಮಿಲಿಮೀಟರಿಗೂ ತುಸು ದೊಡ್ಡ ಗಿರಕಿ. ಅಷ್ಟು ದಪ್ಪ ಹಿತ್ತಾಳೆಯ ಬೆಲೆ ಕೇಳಿ ಹಿಂದೆ ಬಂದೆವು. ಒಣಗಿದ ತೇಗದಲ್ಲಿ ಕಡೆದರೆ ಆದೀತೆಂದು ಫಿಟ್ಟರು ಗೆಳೆಯರ ಅಭಿಪ್ರಾಯ. ಬರುವ ದಸರೆಯ ಕುದುರೆ ಓಟದೊಳಗೆ ಕೊಡುತ್ತೇನೆಂದಿದ್ದಾರೆ. ದಸರೆಯವರೆಗೆ ಕಾಯುವುದಿಲ್ಲ, ಶ್ರಾವಣಕ್ಕೇ ಬೇಕೆಂದು ಮಾಸ್ತರು ಹಟ ಹಿಡಿದಿದ್ದಾರೆ.