ತಿಕೋಟಾ ದಾರಿಯಲ್ಲಿ ಒಂದು ಚೀಲದ ಲೆಕ್ಕ

ಸಂಕ್ರಮಣಕ್ಕೆ ಮೂರು ದಿನ ರಜೆ ಹಾಕಿ ಬೆಂಗಳೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದೆ. ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಚಿಗವ್ವನ ಕಣ್ಣು ನನ್ನ ಹೆಗಲ ಮೇಲಿನ ಚೀಲಕ್ಕೆ ಬಿತ್ತು. ಕೆಂಪು ಬಟ್ಟೆ, ಅದರ ತುಂಬ ಸಣ್ಣ ಕನ್ನಡಿ, ಕವಡೆ, ಹಳದಿ-ಹಸಿರು ದಾರದ ಲಂಬಾಣಿ ಕಸೂತಿ. ಆಫೀಸಿನಲ್ಲಿ ಎಲ್ಲರೂ ‘ಎಲ್ಲಿ ತಗೊಂಡೆ’ ಅಂತ ಕೇಳಿದ ಚೀಲ ಅದು.

“ಎಷ್ಟಕ್ಕ ತಂದಿ?”

“ಪ್ರದರ್ಶನದಾಗ ಹನ್ನೆರಡು ನೂರು ಹೇಳಿದ್ರು. ಜಗ್ಗಾಡಿ ಏಳು ನೂರಕ್ಕ ತಂದೆ” ಅಂದೆ. ಶಭಾಷ್ ಅನ್ನಬಹುದು ಅಂತ ಕಾದೆ.

ಚಿಗವ್ವ ಏನೂ ಅನ್ನಲಿಲ್ಲ. ಆಕೆ ತಿಕೋಟಾ, ಬಬಲೇಶ್ವರ ಭಾಗದ ಸರಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಿಯಾದವಳು. ಆ ಕಡೆಯ ತಾಂಡಾಗಳ ಎಷ್ಟೋ ಮಕ್ಕಳು ಆಕೆಯ ಕೈಯಲ್ಲಿ ಅಕ್ಷರ ತಿದ್ದಿದವರು. ಚಹಾ ಕೊಡುತ್ತ ಇಷ್ಟೇ ಹೇಳಿದಳು: “ನಾಳೆ ತಿಕೋಟಾ ಕಡೆ ಹೋಗಿ ಬರೂಣು ನಡಿ. ಆ ಚೀಲಾನೂ ತಗೋ.”

ಗೋಡೆಯ ಮೇಲೊಂದು ಖರ್ಚಿನ ಲೆಕ್ಕ

ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆ ಊರಿನ ಪಶ್ಚಿಮಕ್ಕೆ. ಆ ಕಡೆಯೇ ಇಬ್ರಾಹಿಂ ರೋಜಾ ಇರುವುದರಿಂದ ಮೊದಲು ಅಲ್ಲಿ ನಿಂತೆವು. ಹೊರಗಿನವರು ಬಂದರೆ ಗೋಲ್ ಗುಂಬಜ್‌ಗೆ ಕರೆದೊಯ್ಯುತ್ತೇವೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿಸುತ್ತೇವೆ. ನಾನಂತೂ ಇಬ್ರಾಹಿಂ ರೋಜಾಕ್ಕೆ ಶಾಲೆಯ ಪ್ರವಾಸದ ಮೇಲೆ ಬಂದಿರಲೇ ಇಲ್ಲ. ಒಂದೇ ಕಟ್ಟೆಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ. ಗೋರಿಯ ಹೊರಗೋಡೆಯ ತುಂಬ ಕಲ್ಲಿನಲ್ಲಿ ಕೊರೆದ ಅಕ್ಷರ, ಬಳ್ಳಿ, ಜಾಲಂಧ್ರ.

ಇಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1580ರಿಂದ 1627ರವರೆಗೆ ಆಳಿದ. ಸ್ವತಃ ಹಾಡು ಕಟ್ಟುತ್ತಿದ್ದ, ತಂತಿವಾದ್ಯ ನುಡಿಸುತ್ತಿದ್ದ. ಅವನ ವಾದ್ಯಕ್ಕೂ ಒಂದು ಹೆಸರಿತ್ತು, ಮೋತಿಖಾನ್. ದಖನಿ ಭಾಷೆಯಲ್ಲಿ ಅವನು ಬರೆದ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಕಲಬುರಗಿಯ ಬಂದೇನವಾಜರ ಸ್ಮರಣೆಯೂ ಇದೆ. ಜನ ಅವನನ್ನು ಜಗದ್ಗುರು ಬಾದಶಹಾ ಅಂತಲೇ ಕರೆದರು.

ಚಿಗವ್ವ ನನ್ನನ್ನು ಕರೆತಂದದ್ದು ಬೇರೆ ಕಾರಣಕ್ಕೆ. ಇಲ್ಲಿಯ ಪರ್ಷಿಯನ್ ಶಾಸನದಲ್ಲಿ ಕೆಲಸ ಮಾಡಿಸಿದ ಮಲಿಕ್ ಸಂದಲ್‌ನ ಹೆಸರಿದೆ. ಒಟ್ಟು ಎಷ್ಟು ಖರ್ಚಾಯಿತು ಅಂತಲೂ ಇದೆ: ಸುಮಾರು ಒಂದೂವರೆ ಲಕ್ಷ ಹೊನ್ನು.

“ನೋಡು, ಹೆಸರೂ ಬರದಾರ, ರೊಕ್ಕಾನೂ ಬರದಾರ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಕಲ್ಲು ಕಡದವರ ಹೆಸರು ಮಾತ್ರ ಇಲ್ಲ” ಅಂದಳು.

ಅರಸರಿಲ್ಲದ ಕಾಲದಲ್ಲಿ

ರೋಜಾ ದಾಟಿ ಸ್ವಲ್ಪ ಹೋದರೆ ತೊರವಿ. ನರಹರಿ ಕವಿ ತೊರವೆ ರಾಮಾಯಣ ಬರೆದ ಊರು. ಇದರ ಹತ್ತಿರವೇ 1599ರಲ್ಲಿ ಇಬ್ರಾಹಿಂ ನವರಸಪುರ ಅನ್ನುವ ಹೊಸ ಊರು ಕಟ್ಟಲು ಶುರು ಮಾಡಿದ್ದ. 1624ರಲ್ಲಿ ಮಲಿಕ್ ಅಂಬರ್‌ನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಎತ್ತರದ ಕಮಾನುಗಳು ಉಳಿದಿವೆ. ನಾವು ಹೋದಾಗ ಒಳಗೆ ಪಾರಿವಾಳಗಳಿದ್ದವು, ಹೊರಗೆ ಒಂದು ಜೋಡಿ ಫೋಟೋ ಶೂಟ್ ಮಾಡಿಸುತ್ತಿತ್ತು.

“ಒಬ್ಬ ರಾಜಾನ ಮ್ಯಾಲೆ ನಿಂತ ಕಲೆ ಇಷ್ಟ ನೋಡು. ಅವ ಹೋದ, ಇದೂ ಹೋತು” ಅಂದಳು ಚಿಗವ್ವ.

ಹಾಗಾದರೆ ರಾಜರಿಲ್ಲದ ಮೇಲೆ ಯಾರು ನೋಡಿಕೊಳ್ಳಬೇಕು? ಕಾರಿನಲ್ಲಿ ಅದೇ ಮಾತು. ವಿಜಯಪುರದವರಿಗೆ ಈ ಪ್ರಶ್ನೆಗೆ ಥಟ್ಟನೆ ನೆನಪಾಗುವ ಉತ್ತರ ಫ. ಗು. ಹಳಕಟ್ಟಿಯವರು. ವಕೀಲಿಕೆ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಹಳ್ಳಿ ಹಳ್ಳಿ ತಿರುಗಿ ವಚನಗಳ ತಾಡವೋಲೆ ಕೂಡಿಸಿದರು. 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಹುಟ್ಟುಹಾಕಿದರು. ವಚನಗಳನ್ನು ಅಚ್ಚು ಹಾಕಲೆಂದು ಸ್ವಂತ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಇದೇ ಜಿಲ್ಲೆಯ ಹಲಸಂಗಿ ಗೆಳೆಯರು ಕೂಡ ಹಾಗೆಯೇ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹೇಳುತ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಈ ಎರಡೂ ಕೆಲಸಕ್ಕೆ ಸಿಂಹಾಸನ ಬೇಕಾಗಲಿಲ್ಲ. ಕೂಡಿ ಕೆಲಸ ಮಾಡುವ ನಾಲ್ಕು ಜನ, ಬರೆದಿಡುವ ಶಿಸ್ತು ಮತ್ತು ಯಾರಾದರೂ ಹಾಕುವ ರೊಕ್ಕ ಬೇಕಾಯಿತು.

ಇದು ಯಾರ್ದೋ ಮದಿವಿ ಅರವಿ

ತಿಕೋಟಾ ಹತ್ತಿರ ಬಂದಂತೆ ಎರಡೂ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. 2018ರಲ್ಲಿ ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕಾದವು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಒಂದಷ್ಟು ಹೊಲಗಳು ನೀರು ಕಂಡಿವೆ. ಆದರೂ ತಾಂಡಾಗಳಿಂದ ಗುಳೆ ಹೋಗುವುದು ನಿಂತಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರ, ಕಟ್ಟಡದ ಕೆಲಸಕ್ಕೆ ಗೋವಾ, ಮಂಗಳೂರು.

ನಾವು ಹೋದ ತಾಂಡಾದಲ್ಲಿ ಅರ್ಧ ಮನೆಗಳಿಗೆ ಬೀಗ. ಚಿಗವ್ವನ ಹಳೆಯ ವಿದ್ಯಾರ್ಥಿಯ ತಾಯಿ, ಎಪ್ಪತ್ತರ ಮೇಲಿನ ಅಜ್ಜಿ, ಕಟ್ಟೆಯ ಮೇಲೆ ಕೂತಿದ್ದಳು.

“ಆರಾಮ ಅದಿಯೇನ ಯಾಡಿ?” ಅಂತ ಮಾತಾಡಿಸಿದಳು ಚಿಗವ್ವ. ಯಾಡಿ ಅಂದರೆ ಲಂಬಾಣಿಯಲ್ಲಿ ಅವ್ವ.

ಅಜ್ಜಿ ನನ್ನ ಚೀಲ ಇಸಿದುಕೊಂಡಳು. ಮೇಲೆ ನೋಡಲಿಲ್ಲ, ಒಳಗೆ ಕೈ ಹಾಕಿ ಮಗುಚಿದಳು. ಕಸೂತಿಯ ಹಿಂಬದಿ ನೋಡಿದಳು, ಹೆಬ್ಬೆರಳಿನಿಂದ ಹೊಲಿಗೆ ಸವರಿದಳು.

“ಅಂಚು ಮಷೀನಿಂದು. ನಡುವಿಂದು ಕೈಲೆ ಮಾಡಿದ್ದು, ಭಾಳ ಹಳೇದು. ಇದು ಕಾಂಚಳಿ ಇದ್ದಂಗೈತಿ ತಂಗಿ. ಯಾರ್ದೋ ಮದಿವಿ ಅರವಿ.”

ಕಾಂಚಳಿ ಅಂದರೆ ಲಂಬಾಣಿ ಹೆಣ್ಣುಮಕ್ಕಳ ಕುಪ್ಪಸ. ಅದರ ಕೆಳಗೆ ಫೇಟಿಯಾ, ಅಂದರೆ ನೆರಿಗೆಯ ಲಂಗ. ಮಗಳ ಮದುವೆಗೆ ತಾಯಿ ವರ್ಷಗಟ್ಟಲೆ ಮೊದಲೇ ಹೊಲಿಯಲು ಕೂರುತ್ತಿದ್ದಳಂತೆ. ಈಗ ದಿನಾ ಉಡುವುದು ಸೀರೆ. ಹಳೆಯ ಅರವಿ ಪೆಟ್ಟಿಗೆಯಲ್ಲಿ. ಅದನ್ನು ಕೇಳಿಕೊಂಡು ವ್ಯಾಪಾರಿಗಳು ಬರುತ್ತಾರೆ. ಕತ್ತರಿಸಿ ಚೀಲ, ದಿಂಬಿನ ಚೀಲ, ಬೆಲ್ಟು ಮಾಡಿ ದೊಡ್ಡ ಊರುಗಳಲ್ಲಿ ಮಾರುತ್ತಾರೆ.

“ನಮ್ಮವ್ವ ಹೊಲದ ಫೇಟಿಯಾ ನಾನೂ ಕೊಟ್ಟೆ. ಎರಡು ಸ್ಟೀಲ್ ಪಾತೇಲಿ ಕೊಟ್ಟ. ಆವಾಗ ಪಾತೇಲಿ ಬೇಕಾಗಿತ್ತು” ಅಂದಳು ಅಜ್ಜಿ. ದನಿಯಲ್ಲಿ ದೂರು ಇರಲಿಲ್ಲ.

“ಒಂದು ಕಾಂಚಳಿಗೆ ಎಷ್ಟು ದಿನ ಬೇಕು ಯಾಡಿ?”

“ಹೊಲದಿಂದ ಬಂದು, ರೊಟ್ಟಿ ಬಡದು, ಆಮ್ಯಾಲ ಕುಂಡ್ರೂದು. ಯಾರು ಎಣಸ್ತಾರವಾ? ಎರಡು ಮೂರು ತಿಂಗಳಂತೂ ಹಿಡೀತೈತಿ.”

ಏಳು ನೂರು ರೂಪಾಯಿಯ ಲೆಕ್ಕ ನನ್ನ ತಲೆಯಲ್ಲಿ ತಾನೇ ಓಡತೊಡಗಿತು. ಸ್ಟಾಲಿನ ಬಾಡಿಗೆ, ವ್ಯಾಪಾರಿಯ ಲಾಭ, ಮಷೀನ್ ಹೊಲಿಗೆ, ಸಾಗಾಟ. ಇವು ಯಾವುವೂ ನನ್ನ ಚೌಕಾಸಿಗೆ ಕಡಿಮೆಯಾಗುವಂಥವಲ್ಲ. ನಾನು ಜಗ್ಗಾಡಿ ಉಳಿಸಿದ ಐನೂರು ಕೊನೆಗೆ ಇಳಿದು ಬರುವುದು ಪೆಟ್ಟಿಗೆ ತೆರೆದುಕೊಟ್ಟ ಯಾವುದೋ ಯಾಡಿಯ ಪಾಲಿಗೆ. ಆಕೆ ಯಾರು, ಯಾವ ತಾಂಡಾದವಳು ಅಂತ ಕೇಳಬೇಕು ಅನ್ನುವುದು ಅಂಗಡಿಯಲ್ಲಿ ನನಗೆ ಹೊಳೆದೇ ಇರಲಿಲ್ಲ.

ಒಂದು ನೋಟುಬುಕ್ಕು

ಅಲ್ಲಿಂದ ಹಳ್ಳಿ ರಸ್ತೆ ಹಿಡಿದು ಬಬಲೇಶ್ವರ ಕಡೆ ಹೊರಟೆವು. ಜಮಖಂಡಿ ರಸ್ತೆಯ ಮೇಲಿನ ಊರು. ಊಟದ ಹೊತ್ತಿಗೆ ಚಿಗವ್ವನ ಗೆಳತಿಯ ಮನೆಯಲ್ಲಿ ಸಜ್ಜಿ ರೊಟ್ಟಿ, ಬರ್ತಾ, ಶೇಂಗಾ ಹೋಳಿಗೆ. ಮಧ್ಯಾಹ್ನ ಅವರೇ ಹತ್ತಿರದ ತಾಂಡಾಕ್ಕೆ ಕರೆದೊಯ್ದರು.

ಅಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಎಂಟು ಹೆಣ್ಣುಮಕ್ಕಳು ಕೂತು ಹೊಲಿಯುತ್ತಿದ್ದರು. ಬಟ್ಟೆ, ದಾರ, ಕನ್ನಡಿ ಬರುವುದು ಒಂದು ಸಂಸ್ಥೆಯಿಂದ. ಅಳತೆ, ಬಣ್ಣ, ಯಾವಾಗ ಮುಗಿಯಬೇಕು ಎಲ್ಲ ಮೊದಲೇ ಗೊತ್ತು. ಮೂಲೆಯಲ್ಲಿ ಒಂದು ನೋಟುಬುಕ್ಕು: ಯಾರು, ಯಾವ ತುಣುಕು, ಎಷ್ಟು ತಾಸು, ಎಷ್ಟು ರೊಕ್ಕ. ಪ್ರತಿ ಸಾಲಿನ ಕೊನೆಗೆ ಸಹಿ. ಹಿರಿಯಳೊಬ್ಬಳು ಕಿರಿಯರಿಗೆ ಹೊಲಿಗೆಗಳ ಹೆಸರು ಹೇಳಿಕೊಡುತ್ತಿದ್ದಳು: ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ನಕ್ರಾ.

ನಾನೂ ಸೂಜಿ ಹಿಡಿದೆ. ಅರ್ಧ ತಾಸಿನಲ್ಲಿ ಎರಡು ಬೆರಳು ಅಗಲದ ಒಂದು ಸಾಲು. ಅದೂ ಸೊಟ್ಟ. ಹಿರಿಯಳು ನಗುತ್ತ ಅದನ್ನು ಬಿಚ್ಚಿ ಹಾಕಿದಳು.

ಪಕ್ಕದಲ್ಲಿದ್ದ ಹುಡುಗಿ ಬಿ.ಎ. ಓದುತ್ತಿದ್ದಳು. “ಓದು ಮುಗದ ಮ್ಯಾಲೂ ಇದನ್ನ ಮಾಡ್ತೀಯಾ?” ಅಂದೆ.

“ನೌಕರಿ ಸಿಕ್ರ ಹೋಗ್ತೀನ್ರೀ ಅಕ್ಕಾ.”

ಅವಳ ತಾಯಿ ತಲೆ ಎತ್ತದೆ ಹೇಳಿದಳು: “ಹೋಗ್ಲಿ. ಸೂಜಿ ಕಲತಿದ್ದು ಎಲ್ಲಿ ಹೋದ್ರೂ ಬರ್ತೈತಿ. ಈ ವರ್ಷ ನಾ ಕಬ್ಬಿಗೆ ಹೋಗ್ಲಿಲ್ಲ, ಅದಕ್ಕ ಈಕಿ ಕಾಲೇಜ್ ಬಿಡ್ಲಿಲ್ಲ.”

‘ಕಲೆ ಉಳಿಯಬೇಕು’ ಅಂತ ನಾವು ಊರೂರಲ್ಲಿ ಕೂತು ಹೇಳುತ್ತೇವೆ. ಈ ಪಡಸಾಲೆಯಲ್ಲಿ ಉಳಿದದ್ದು ಒಂದು ಹುಡುಗಿಯ ಕಾಲೇಜು. ಅದರ ಜೊತೆಗೆ ಸೂರ್ಯಕಾಂತಿ ಮಾಕಿಯೂ ಉಳಿಯಿತು.

ಎಲ್ಲ ಸುಗಮ ಅಂತಲ್ಲ. ಆರ್ಡರ್ ಬರದ ತಿಂಗಳು ನೋಟುಬುಕ್ಕು ಖಾಲಿ. ಒಂದು ತುಣುಕಿನ ಬಣ್ಣ ಬಿಟ್ಟರೆ ಇಡೀ ಗಂಟು ವಾಪಸ್. ಆದರೆ ಹತ್ತು ಜನ ಸೇರಿದ್ದರೆ ಆ ಪೆಟ್ಟು ತಡೆಯಬಹುದು, ಒಬ್ಬಳೇ ಆದರೆ ಪಾತೇಲಿಗೆ ಪೆಟ್ಟಿಗೆ ತೆರೆಯಬೇಕು. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ‘ಬಂಜಾರಾ ಕಸೂತಿ’ ಅನ್ನುವ ಸಂಸ್ಥೆ ಲಂಬಾಣಿ ಹೆಣ್ಣುಮಕ್ಕಳ ಜೊತೆ ಈ ಕೆಲಸ ಮಾಡುತ್ತಿದೆ. ಬಳ್ಳಾರಿ ಜಿಲ್ಲೆಯಲ್ಲಿ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕೇಂದ್ರ ಸರಕಾರ ಕರಕುಶಲಿಗರಿಗೆ ಕೊಡುವ ಗುರುತಿನ ಚೀಟಿಯ ಹೆಸರು ‘ಪೆಹಚಾನ್’. ಹೆಸರಿಲ್ಲದ ಕೈಗಳಿಗೆ ಹೆಸರು ಕೊಡುವ ಚೀಟಿ.

ಹೊರಡುವ ಮುನ್ನ ಲ್ಯಾಪ್‌ಟಾಪ್ ಹಿಡಿಯುವಂಥ ಒಂದು ಚೀಲ ಬೇಕು ಅಂದೆ. ಬೆಲೆ ಹೇಳಿದರು. ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಚಿಗವ್ವ ನೋಡಿಯೂ ನೋಡದವಳಂತೆ ಗೋಡೆ ಕಡೆ ತಿರುಗಿದಳು. ನೋಟುಬುಕ್ಕಿನ ಹೊಸ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ ಹೊಲಿಯುವವಳ ಹೆಸರು. ಎರಡು ತಿಂಗಳು ಕಾಯಬೇಕಂತೆ. ಕಾಯುತ್ತಿದ್ದೇನೆ.

ನೀವೂ ಹೋಗುವುದಾದರೆ ಚಳಿಗಾಲ ಒಳ್ಳೆಯದು. ಬೆಂಗಳೂರಿನಿಂದ ರಾತ್ರಿ ರೈಲು, ಬೆಳಗ್ಗೆ ಬೇಗ ಇಬ್ರಾಹಿಂ ರೋಜಾ, ತೊರವಿಯ ಸಂಗೀತ ಮಹಲು, ಆಮೇಲೆ ತಿಕೋಟಾ. ಸಂಜೆ ಬಬಲೇಶ್ವರದಿಂದ ಊರಿಗೆ ವಾಪಸ್. ಒಂದು ದಿನ ಸಾಕು. ತಾಂಡಾಕ್ಕೆ ಪರಿಚಯದವರ ಜೊತೆ ಹೋಗಿ, ಫೋಟೋ ತೆಗೆಯುವ ಮೊದಲು ಕೇಳಿ. ಹೋಗಲಾಗದಿದ್ದರೆ ಸಂಸ್ಥೆಗಳಿಂದಲೋ ಸರಕಾರದ ಕಾವೇರಿ ಮಳಿಗೆಯಿಂದಲೋ ಕೊಳ್ಳಬಹುದು.

ಇನ್ನು ನನ್ನ ಹಳೆಯ ಚೀಲ. ಅದನ್ನು ಬಿಟ್ಟಿಲ್ಲ, ದಿನಾ ಆಫೀಸಿಗೆ ಒಯ್ಯುತ್ತೇನೆ. ‘ಎಷ್ಟಕ್ಕೆ ತಗೊಂಡೆ’ ಅಂತ ಯಾರಾದರೂ ಕೇಳಿದರೆ ಅಜ್ಜಿ ಮಾಡಿದಂತೆ ಮಗುಚಿ, ಒಳಗಿನ ಹೊಲಿಗೆ ತೋರಿಸುತ್ತೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ಇವತ್ತು ಮಗುಚಿ ನೋಡಿ.