ಹರಿವಾಣದ ಹೊಗೆಸೊಪ್ಪು, ಮಡಕೆಯ ಕಳ್ಳು

ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂಬ ಏಳು ನುಡಿಗಳ ನೆಲವೆಂದು ಕಾಸರಗೋಡು ಹೆಸರಾಗಿದೆ. ಮನೆಯ ಮಾತು ಬದಲಾದಂತೆ ಊಟ, ಉಡುಗೆ ಬದಲಾಗುತ್ತವೆ. ಹೆಣ್ಣು ಯಾವ ಅಮಲನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ಕಟ್ಟಳೆಯೂ ಬದಲಾಗುತ್ತದೆ.

ಅಡಕೆ ತೋಟಗಳ ಈ ಸೀಮೆಯ ಅನೇಕ ಮನೆಗಳಲ್ಲಿ ಊಟವಾದೊಡನೆ ಎಲೆಯ ಹರಿವಾಣ ಜಗಲಿಗೆ ಬರುವುದು ವಾಡಿಕೆ. ವೀಳ್ಯದೆಲೆ, ಅಡಕೆ, ಸುಣ್ಣದೊಡನೆ ಒಂದು ಚೂರು ಹೊಗೆಸೊಪ್ಪು. ಅಜ್ಜಿ ಅದನ್ನು ಮೆಲ್ಲುವಾಗ ಯಾರೂ ‘ಚಟ’ ಎನ್ನುವುದಿಲ್ಲ. ಮದ್ಯ ಧರ್ಮನಿಷಿದ್ಧವಾದ ಬ್ಯಾರಿ ಮನೆಗಳಲ್ಲಿಯೂ ಎಲೆಯಡಕೆ ಆತಿಥ್ಯದ ಸಂಕೇತವೇ. ಇನ್ನೊಂದೆಡೆ, ಮೂರ್ತೆಗಾರರ ಮನೆಗೆ ಕಳ್ಳು ಕುಲಕಸುಬಿನ ಅನ್ನ. ವಯನಾಟು ಕುಲವನ್ ತೆಯ್ಯದ ಆರಾಧನೆಯಲ್ಲಿ ಅದಕ್ಕೆ ಪವಿತ್ರ ಸ್ಥಾನವಿದೆ. ಕೊರಗರ ಹಿರಿಯ ತಲೆಮಾರಿನಲ್ಲಿ ಹೆಂಗಸರು ಕಳ್ಳು ಕುಡಿಯುವುದು ಮುಚ್ಚಿಡುವ ಸಂಗತಿಯಾಗಿರಲಿಲ್ಲ. ಆದರೆ ‘ಕುಡುಕರು’ ಎಂಬ ಹಣೆಪಟ್ಟಿ ಬಿದ್ದದ್ದು ಈ ಕಡೆಗೆ ಮಾತ್ರ.

ಕನ್ನಡ ಸಾಹಿತ್ಯವೂ ಈ ಕಟ್ಟಳೆಗೆ ಹೊರತಲ್ಲ. ಕಳ್ಳು ಮಾರುವ ಕಾಯಕದವನನ್ನು ಹೆಂಡದ ಮಾರಯ್ಯನೆಂದು ಶರಣರ ಸಾಲಿನಲ್ಲಿ ನೆನೆಯಲಾಗುತ್ತದೆ. ರಾಜರತ್ನಂ ಅವರ ಪದಗಳಲ್ಲಿ ಕುಡಿದು ಹಾಡುವವನು ರತ್ನ. ನಂಜಿ ಆ ಹಾಡಿನೊಳಗಿನ ಹೆಂಡತಿ. ಕಾರಂತರ ‘ಚೋಮನ ದುಡಿ’ಯಲ್ಲಿ ಹೆಂಡದ ಮೊರೆ ಹೋಗುವವನು ಚೋಮ. ಕುಡಿತದಲ್ಲಿ ಗಂಡಸಿನ ದುಃಖವನ್ನೂ ದಾರ್ಶನಿಕತೆಯನ್ನೂ ಕಂಡ ಸಾಹಿತ್ಯ, ಕುಡಿಯುವ ಹೆಣ್ಣಿನ ಒಳಗನ್ನು ಕೇಳಿದ್ದು ತೀರ ವಿರಳ.

ಅಂಕಿಅಂಶಗಳು ಬೇರೊಂದು ಚಿತ್ರವನ್ನು ಮುಂದಿಡುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಮದ್ಯ ಸೇವಿಸುವವರು ಶೇ. 1.3, ತಂಬಾಕು ಬಳಸುವವರು ಶೇ. 8.9. ಅಕ್ಕಿಯ ಮದ್ಯವು ಮನೆಯ ಪದ್ಧತಿಯೇ ಆಗಿರುವ ಅರುಣಾಚಲ ಪ್ರದೇಶದಲ್ಲಿ ಮದ್ಯ ಸೇವಿಸುವ ಮಹಿಳೆಯರ ಪ್ರಮಾಣ ಶೇ. 24ರಷ್ಟಿದೆ. ಹೆಣ್ಣಿನ ಸ್ವಭಾವಕ್ಕಿಂತ ಅವಳ ಸುತ್ತಲಿನ ಸಮ್ಮತಿಯೇ ಈ ಅಂತರಕ್ಕೆ ಹೆಚ್ಚಿನ ಕಾರಣ. ಸಮ್ಮತಿಯಿಲ್ಲದೆಡೆ, ಮನೆಮಂದಿಯ ಎದುರು ಸಮೀಕ್ಷಕರಿಗೆ ಅವಳು ಎಷ್ಟನ್ನು ಒಪ್ಪಿಕೊಂಡಾಳು ಎಂಬ ಪ್ರಶ್ನೆಯೂ ಉಳಿಯುತ್ತದೆ.

ದೇಹಕ್ಕೆ ಈ ಮರ್ಯಾದೆಗಳ ಅರಿವಿಲ್ಲ. ಹೊಗೆಸೊಪ್ಪಿಲ್ಲದ ಎಲೆಯಡಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಸಾರಿತು. ಮದ್ಯವೂ ಅದೇ ಪಟ್ಟಿಯಲ್ಲಿದೆ. ಗೌರವಸ್ಥ ಮನೆಯ ಅಜ್ಜಿ ಬಾಯಿಯ ಹುಣ್ಣನ್ನು ‘ಸುಣ್ಣ ಸುಟ್ಟದ್ದು’ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾಳೆ. ಕೂಲಿಯ ಹೆಂಗಸು ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದರೆ, ಪರೀಕ್ಷೆಗೆ ಮುನ್ನವೇ ‘ಇವರ ಜಾತಿಯೇ ಹೀಗೆ’ ಎಂಬ ತೀರ್ಪು ಕೇಳಬೇಕಾಗುತ್ತದೆ. ಕದ್ದು ಕುಡಿಯುವ ಸುಶಿಕ್ಷಿತೆಗೆ ಆಸ್ಪತ್ರೆಯ ಬಾಗಿಲು ತಟ್ಟುವುದೇ ಮಾನಹಾನಿ. ಮೂವರಿಗೂ ಚಿಕಿತ್ಸೆ ತಡವಾಗುತ್ತದೆ. ಮೂವರನ್ನೂ ತಡೆಯುವುದು ಒಂದೊಂದು ಪದ.

‘ಅಭ್ಯಾಸ’, ‘ಚಟ’, ‘ಕುಡುಕಿ’: ಇವು ನಿಘಂಟಿನಲ್ಲಿ ನಿರಪಾಯವಾಗಿ ಕಾಣುವ ಶಬ್ದಗಳು. ಯಾವುದನ್ನು ಯಾರು, ಯಾರಿಗೆ ಬಳಸುತ್ತಾರೆಂದು ಗಮನಿಸುವುದು ಭಾಷಾ ವಿದ್ಯಾರ್ಥಿಯ ಕೆಲಸ. ಗಡಿನಾಡಿನ ಮನೆಮನೆಯ ಮಾತಿನಲ್ಲಿ ಆ ಕೆಲಸಕ್ಕೆ ಬೇಕಾದಷ್ಟು ಸಾಮಗ್ರಿಯಿದೆ.